ಓದುವ ಮಕ್ಕಳ ಊಟ



ಸರ್ಕಾರಿ ಶಾಲೆಯ ಮಗು ಎಸೆಸೆಲ್ಸಿ ಮುಗಿಸಿದ ವರ್ಷ ಅದರ ಮಧ್ಯಾಹ್ನದ ಊಟವೂ ಮುಗಿಯುತ್ತದೆ. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಮರುವರ್ಷ ನಮ್ಮ ರಾಜ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಯಿತು. ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು, ಪ್ರೌಢಶಾಲೆಗೂ ಬಂತು. ಇವತ್ತು ಡಿಗ್ರಿ ಕಾಲೇಜಿನ ಬೆಂಚಿನ ಮೇಲೆ ಕೂತಿರುವ ಹಳ್ಳಿಯ ಮಕ್ಕಳಲ್ಲಿ ಹೆಚ್ಚಿನವರು ಆ ಬಿಸಿಯೂಟ ಉಂಡೇ ಬೆಳೆದವರು. ಹದಿನಾರು ತುಂಬುವ ಹೊತ್ತಿಗೆ, ಹಸಿವು ಜೋರಾಗುವ ವಯಸ್ಸಿನಲ್ಲೇ, ಅವರ ಮುಂದಿನ ತಟ್ಟೆಯನ್ನು ನಾವು ಎತ್ತಿಬಿಡುತ್ತೇವೆ.

ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪಾಠ ಹೇಳುತ್ತ, ಹಾಸ್ಟೆಲಿನ ಉಸ್ತುವಾರಿಯನ್ನೂ ನೋಡಿಕೊಂಡವನು ನಾನು. ಈ ಹೊತ್ತು ಎರಡು ಬಗೆಯ ವಿದ್ಯಾರ್ಥಿಗಳ ಊಟದ ಬಗ್ಗೆ ಮಾತಾಡುತ್ತೇನೆ. ಹಾಸ್ಟೆಲಿನಲ್ಲಿದ್ದು ಮೆಸ್ಸಿನಲ್ಲಿ ಉಣ್ಣುವವರು ಒಂದು ಬಗೆ. ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ಬಸ್ಸಿಗೆ ಮರಳುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಊಟದ ನಿಯಮಗಳಿವೆ. ಅವುಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಬದಲಾಗಬೇಕು. ಎರಡನೆಯವರಿಗೆ ನಿಯಮವೇ ಇಲ್ಲ.

ನಮ್ಮ ನಾಡಿನಲ್ಲಿ ಓದು ಅನ್ನದ ಬೆನ್ನು ಹಿಡಿದೇ ಬಂದಿದೆ. ಊರು ಬಿಟ್ಟು ಮೈಸೂರಿಗೋ ಧಾರವಾಡಕ್ಕೋ ಓದಲು ಹೋದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಮಾಡಿಕೊಂಡು ಪದವಿ ಪಡೆದರು. ಆದರೆ ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಉತ್ತರ ಕರ್ನಾಟಕದ ಮಠಗಳಲ್ಲಿ ವಿದ್ಯಾರ್ಥಿಗಳು ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೋಗುತ್ತಿದ್ದರು. ಮನೆಮನೆಯ ರೊಟ್ಟಿ, ಪಲ್ಯ ತಂದು ಹಂಚಿಕೊಂಡು ಉಣ್ಣುತ್ತಿದ್ದರು. ಧಾರವಾಡದ ಮುರುಘಾಮಠದಂಥ ಕಡೆ ಪ್ರಸಾದ ನಿಲಯಗಳು ಬೆಳೆದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಹಲಗೆ ಬಳಪದ ಜೊತೆ ಮಧ್ಯಾಹ್ನದ ಊಟವನ್ನೂ ಕೊಟ್ಟರು. ಅದು ಹತ್ತೊಂಬತ್ತನೇ ಶತಮಾನದ ಕೊನೆಯ ಮಾತು. ಉಣ್ಣದೆ ಬಂದ ಮಗುವಿಗೆ ಅಕ್ಷರ ಹತ್ತುವುದಿಲ್ಲವೆಂದು ಅವರಿಗೆ ಯಾವ ಸಮೀಕ್ಷೆಯೂ ಹೇಳಿಕೊಡಬೇಕಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆಂದು ಹಾಸ್ಟೆಲು ಕಟ್ಟಿತು. ದೇವರಾಜ ಅರಸರ ಕಾಲದಿಂದೀಚೆಗೆ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೂ ಹರಡಿದವು. ಹಳ್ಳಿಗಳಲ್ಲಿ ಈಗಲೂ ಅವನ್ನು ಬಿಸಿಎಂ ಹಾಸ್ಟೆಲು ಎಂದೇ ಕರೆಯುತ್ತಾರೆ. ಇವತ್ತಿನ ಎಷ್ಟೋ ಮಂದಿ ತಹಶೀಲ್ದಾರರು, ಡಾಕ್ಟರರು, ಮೇಷ್ಟರು ಆ ಹಾಸ್ಟೆಲುಗಳ ಅನ್ನ ಉಂಡು ಬಂದವರು.

ಮಕ್ಕಳಿಗೆ ಅನ್ನ ಹಾಕಿ ಓದಿಸುವ ತುಮಕೂರಿನ ಸಿದ್ಧಗಂಗಾ ಮಠದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಒಂದು ಸಂಗತಿಯನ್ನು ಮಾತ್ರ ನೆನಪಿಸುತ್ತೇನೆ. 2019ರ ಜನವರಿ 21ರಂದು ಬೆಳಿಗ್ಗೆ ಆ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಸುದ್ದಿಯನ್ನು ಪ್ರಕಟಿಸಿದ್ದು ಮಧ್ಯಾಹ್ನ. ಮಕ್ಕಳ ಊಟ ಮುಗಿಯುವ ತನಕ ಹೇಳಬೇಡಿ ಎಂಬುದು ಸ್ವಾಮೀಜಿಯವರ ಇಚ್ಛೆಯಾಗಿತ್ತು ಎಂದು ಮಠದ ಕಡೆಯವರು ಆಗ ತಿಳಿಸಿದರು. ವಿದ್ಯಾಸಂಸ್ಥೆ ನಡೆಸುವವರು ಊಟದ ವಿಷಯದಲ್ಲಿ ಯಾರಿಂದ ಕಲಿಯಬೇಕೆಂದು ನನ್ನನ್ನು ಕೇಳಿದರೆ ನಾನು ಈ ಮಧ್ಯಾಹ್ನದತ್ತ ಕೈ ತೋರಿಸುತ್ತೇನೆ.

ಈಗ ಮೆಸ್ಸಿನ ಒಳಗೆ ಹೋಗೋಣ. ಹಾಸ್ಟೆಲುಗಳಲ್ಲಿ ಬಹುಕಾಲದಿಂದ ನಡೆದು ಬಂದದ್ದು ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸುತ್ತಾರೆ. ಬಂದದ್ದು ದಿನದ ದರ. ಅವರವರು ಉಂಡಷ್ಟು ದಿನಕ್ಕೆ ಅವರವರು ಕೊಡುತ್ತಾರೆ. ಉದಾಹರಣೆಗೆ 120 ವಿದ್ಯಾರ್ಥಿಗಳ ಹಾಸ್ಟೆಲು ಎಂದುಕೊಳ್ಳಿ. 30 ದಿನಕ್ಕೆ 3,600 ಊಟದ ದಿನಗಳು. ಊರಿಗೆ ಹೋದವರು ಉಣ್ಣದ 300 ದಿನ, ಅಂದರೆ ಮೆಸ್ ಕಟ್, ಕಳೆದರೆ ಉಳಿದದ್ದು 3,300. ಖರ್ಚು 2,97,000 ರೂಪಾಯಿ ಆಗಿದ್ದರೆ ದಿನಕ್ಕೆ 90 ರೂಪಾಯಿ. ಲೆಕ್ಕ ಇಷ್ಟೇ. ಸುಲಭ, ನ್ಯಾಯವಾದದ್ದು, ಯಾರು ಬೇಕಾದರೂ ಕೂಡಿ ಕಳೆದು ನೋಡಬಹುದು.

ಆದರೆ ಈ 90 ರೂಪಾಯಿ ಒಳಗೆ ಎರಡು ಬಗೆಯ ಖರ್ಚು ಕೂತಿದೆ. ಅಕ್ಕಿ, ಬೇಳೆ, ತರಕಾರಿ, ಹಾಲು ಉಣ್ಣುವವರ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತವೆ. ಅಡುಗೆಯವರ ಸಂಬಳ ಇಳಿಯುವುದಿಲ್ಲ. ಆ ಸಂಬಳ 66,000 ಎಂದು ಹಿಡಿದರೆ 3,300 ದಿನಕ್ಕೆ ತಲಾ 20 ರೂಪಾಯಿ ಬೀಳುತ್ತದೆ. ಬೇಸಿಗೆಯಲ್ಲಿ ಎಷ್ಟೋ ಮಂದಿ ಊರಿಗೆ ಹೋಗಿ ಊಟದ ದಿನಗಳು 2,200ಕ್ಕೆ ಇಳಿದರೆ ಅದೇ ಸಂಬಳ ತಲಾ 30 ರೂಪಾಯಿ ಆಗುತ್ತದೆ. ಆಗ ಹಾಸ್ಟೆಲಿನಲ್ಲಿ ಉಳಿದಿರುವವರು ಯಾರು? ಬಸ್ ಚಾರ್ಜಿಗೆ ದುಡ್ಡಿಲ್ಲದವರು, ದೂರದ ಊರಿನವರು, ರಜೆಯಲ್ಲಿ ಪೇಟೆಯ ಅಂಗಡಿಯಲ್ಲಿ ದುಡಿಯುವವರು. ದರ ಏರುವುದು ಅವರ ಮೇಲೇ. ಅದಕ್ಕಾಗಿ ಸಂಬಳ, ಗ್ಯಾಸು, ಕರೆಂಟಿನ ಖರ್ಚನ್ನು ದಿನದ ದರದಿಂದ ಬೇರೆ ತೆಗೆದು ವರ್ಷದ ಮೊದಲಲ್ಲೇ ಎಲ್ಲರಿಗೂ ಸಮನಾಗಿ ಹಂಚಬೇಕು. ಅದನ್ನು ಸಂಸ್ಥೆಯೇ ಹೊತ್ತರೆ ಇನ್ನೂ ಒಳ್ಳೆಯದು.

ಮೆಸ್ ಕಟ್ ಕೇಳುವವರು ಒಂದೆರಡು ದಿನ ಮುಂಚೆ ಬರೆದುಕೊಡಬೇಕು ಎಂಬ ನಿಯಮ ಎಲ್ಲ ಕಡೆಯೂ ಇದೆ. ಇರಬೇಕಾದ್ದೇ. ರಾತ್ರಿ ಎಂಟಕ್ಕೆ ಊರಿಗೆ ಹೊರಟವನ ಪಾಲಿನ ಅಕ್ಕಿಯನ್ನು ಆರು ಗಂಟೆಗೇ ಒಲೆಗೆ ಇಟ್ಟಾಗಿರುತ್ತದೆ. ಆದರೆ ಜ್ವರ ಮುಂಚೆ ಬರೆದುಕೊಟ್ಟು ಬರುವುದಿಲ್ಲ, ಮನೆಯಲ್ಲಿ ಸಾವು ಹೇಳಿ ಬರುವುದಿಲ್ಲ. ಈ ಎರಡಕ್ಕೆ ವಿನಾಯಿತಿ ಕೊಡುವ ಅಧಿಕಾರ ಮೆಸ್ ಸೆಕ್ರೆಟರಿಯ ಕೈಯಲ್ಲೇ ಇರಲಿ. ಮಣ್ಣಿಗೆ ಹೋಗಿ ಬಂದ ಹುಡುಗ ರಿಜಿಸ್ಟರ್ ಹಿಡಿದು ನಾಲ್ಕು ಟೇಬಲ್ಲು ಸುತ್ತುವಂತೆ ಆಗಬಾರದು.

ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲೇ ಇರುವ ಮೆಸ್ಸಿನಲ್ಲಿ ಬೇಳೆ ತೆಳುವಾಗುತ್ತದೆ. ಇದು ನಾನು ಕಣ್ಣಾರೆ ಕಂಡದ್ದು. ಅಕ್ಕಿ ಮೂಟೆ ತೂಗುವಾಗ, ತರಕಾರಿ ಇಳಿಸುವಾಗ ವಾರಕ್ಕೊಬ್ಬರಂತೆ ವಿದ್ಯಾರ್ಥಿ ಪ್ರತಿನಿಧಿ ನಿಲ್ಲಲಿ, ಸ್ಟಾಕ್ ಪುಸ್ತಕಕ್ಕೆ ಸಹಿ ಹಾಕಲಿ. ಎಂಥ ಕಾಮರ್ಸ್ ಪಾಠವೂ ಇದಕ್ಕೆ ಸಮವಲ್ಲ. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಲೇಬೇಕೆಂಬ ನಿಯಮವಿದೆ. ಕಾಲೇಜು ಹಾಸ್ಟೆಲಿನಲ್ಲೂ ವಾರ್ಡನ್ ಅದೇ ಸಾಲಿನಲ್ಲಿ ನಿಂತು, ಅದೇ ತಟ್ಟೆಯಲ್ಲಿ, ಅದೇ ಸಾರು ಅನ್ನ ಉಣ್ಣಲಿ. ವಾರಕ್ಕೆ ನಾಲ್ಕು ಹೊತ್ತಾದರೂ ಉಣ್ಣಲಿ. ದೂರಿನ ಪುಸ್ತಕ ಅರ್ಧದಷ್ಟು ತೆಳುವಾಗುತ್ತದೆ.

ಮೆಸ್ಸನ್ನು ಗುತ್ತಿಗೆಗೆ ಕೊಡುವುದೇ ಈಗ ರೂಢಿಯಾಗುತ್ತಿದೆ. ಕಾಲೇಜೇ ತನ್ನ ವಿದ್ಯಾರ್ಥಿಗಳಿಗೆ ಊಟ ಹಾಕಿದರೆ ಜಿಎಸ್‌ಟಿ ಇಲ್ಲ, ಹೊರಗಿನ ಗುತ್ತಿಗೆದಾರರು ಕಾಲೇಜಿಗೆ ಊಟ ಒದಗಿಸಿದರೆ ಶೇ 5 ತೆರಿಗೆ ಎಂದು ಕೇಂದ್ರದ ತೆರಿಗೆ ಮಂಡಳಿ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ತೆರಿಗೆಯ ಮೇಲೆ ಗುತ್ತಿಗೆದಾರರ ಲಾಭ ಬೇರೆ. ಇವೆರಡೂ ಹೋಗುವುದು ವಿದ್ಯಾರ್ಥಿಯ ತಟ್ಟೆಯಿಂದಲೇ. ಅಷ್ಟಕ್ಕೇ ಮುಗಿಯುವುದಿಲ್ಲ. ಸ್ವಂತ ಮೆಸ್ಸಿನ ಅಡುಗೆಯವರಿಗೆ ಮಕ್ಕಳ ಹೆಸರು ಗೊತ್ತಿರುತ್ತದೆ. ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾರಿಗೆ ಗಂಜಿ ಬೇಕು, ಯಾರು ಎರಡು ದಿನದಿಂದ ಊಟಕ್ಕೆ ಬಂದಿಲ್ಲ ಎಂದು ವಾರ್ಡನ್ನಿಗಿಂತ ಮೊದಲು ತಿಳಿಯುವುದು ಅಡುಗೆಮನೆಗೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೂರಾರು ಇಡ್ಲಿ ಬೇಯಿಸುವ ಆ ಅಕ್ಕಂದಿರನ್ನು, ಅಣ್ಣಂದಿರನ್ನು ಹೊರಗುತ್ತಿಗೆಯಲ್ಲಿ ಇಟ್ಟು, ಸಂಬಳಕ್ಕೆ ತಿಂಗಳುಗಟ್ಟಲೆ ಕಾಯಿಸುವುದು ದೊಡ್ಡ ಅನ್ಯಾಯ. ಮಕ್ಕಳ ಊಟ ಸುಧಾರಿಸಬೇಕೆನ್ನುವವರು ಅವರ ಸಂಬಳದಿಂದಲೇ ಶುರು ಮಾಡಬೇಕು.

ಏನು ಬಡಿಸಬೇಕು? ಇದಕ್ಕೆ ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಸಲ್ಲದು. ಮಂಡ್ಯ, ಹಾಸನದ ಮಕ್ಕಳಿಗೆ ಮುದ್ದೆ ಬಸ್ಸಾರು ಬೇಕು, ವಿಜಯಪುರ, ಕಲಬುರಗಿಯವರಿಗೆ ರೊಟ್ಟಿ ಬೇಕು, ಕರಾವಳಿಯವರಿಗೆ ಕುಚ್ಚಲಕ್ಕಿ ಬೇಕು. ಬೆಂಗಳೂರಿನ ಹಾಸ್ಟೆಲಿಗೆ ಬಂದ ಯಾದಗಿರಿಯ ಹುಡುಗ ಮೂರು ಹೊತ್ತೂ ಬಿಳಿ ಅನ್ನ ತಿಂದು, ಹೊಟ್ಟೆ ತುಂಬಿದರೂ ಉಂಡಂತಾಗಲಿಲ್ಲ ಎನ್ನುತ್ತಾನೆ. ಅವನು ಹೇಳುವುದು ನಿಜ. ಮುದ್ದೆಯ ವಿಷಯವೂ ಬರೀ ರುಚಿಯದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ನೂರು ಮಂದಿಗೆ ರೊಟ್ಟಿ ಬಡಿಯುವವರು ಯಾರು ಎಂದು ಅಡುಗೆಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ತಲೆಗೆ ಮೂರರಂತೆ ಮುನ್ನೂರು ರೊಟ್ಟಿ ಬಡಿಯುವುದು ಇಬ್ಬರ ಕೈಯಲ್ಲಿ ಆಗದ ಕೆಲಸ. ಆದರೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಸಂಘಗಳು ಕಡಕ್ ರೊಟ್ಟಿ ಮಾಡಿ ಮಾರುತ್ತಿವೆ, ಅದು ವಾರಗಟ್ಟಲೆ ಕೆಡುವುದಿಲ್ಲ. ಹಾಸ್ಟೆಲುಗಳು ಅವರಿಂದ ನೇರವಾಗಿ ಕೊಂಡರೆ ಎರಡೂ ಕಡೆಯ ಹೊಟ್ಟೆ ತುಂಬುತ್ತದೆ.

ಹೆಣ್ಣುಮಕ್ಕಳ ಹಾಸ್ಟೆಲಿನ ಬಗ್ಗೆ ಬಿಡಿಸಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಎರಡು ಮಹಡಿ ಹತ್ತಿದರೆ ಏದುಸಿರು, ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಕೆ. ನಾವು ಮೇಷ್ಟರು ಅದನ್ನು ಸೋಮಾರಿತನ ಎಂದು ಬರೆದುಬಿಡುತ್ತೇವೆ. ಮೆಸ್ ಇದಕ್ಕೆ ಬಹಳ ಮಾಡಬಹುದು. ವಾರಕ್ಕೆ ಮೂರು ದಿನ ಸೊಪ್ಪಿನ ಸಾರು, ಮೊಳಕೆ ಕಾಳಿನ ಉಸಲಿ, ಉಣ್ಣುವವರಿಗೆ ಮೊಟ್ಟೆ. ಪ್ರತಿ ಊಟಕ್ಕೆ ನಿಂಬೆಹಣ್ಣಿನ ಹೋಳೋ ನೆಲ್ಲಿಕಾಯಿಯೋ ಇರಲಿ. ಹುಳಿಯ ಸಿ ಜೀವಸತ್ವ ಸೊಪ್ಪಿನ ಕಬ್ಬಿಣದ ಅಂಶವನ್ನು ಮೈಗೆ ಹತ್ತಿಸುತ್ತದೆ. ಊಟದ ಬೆನ್ನಿಗೇ ಕುಡಿಯುವ ಟೀ ಕಾಫಿ ಅದನ್ನು ತಡೆಯುತ್ತದೆ. ಹಾಗಾಗಿ ಟೀ ಹೊತ್ತನ್ನು ಊಟದಿಂದ ಒಂದು ಗಂಟೆ ದೂರ ಇಟ್ಟರೆ ಒಂದು ಪೈಸೆ ಖರ್ಚಿಲ್ಲದೆ ಆರೋಗ್ಯ ಬಂದಂತೆ. ಕ್ಯಾಂಟೀನಿನ ಮಾತೂ ಇದೆ. ಕಾಲೇಜುಗಳ ಆವರಣದಲ್ಲಿ ಜಂಕ್ ಫುಡ್ ಮಾರಬಾರದೆಂದು ಯುಜಿಸಿ 2016ರಲ್ಲಿ ಸುತ್ತೋಲೆ ಕಳಿಸಿತು. ಬೇಡದ್ದನ್ನು ಹೇಳಿದ್ದು ಒಳ್ಳೆಯದೇ. ಅದರ ಜಾಗಕ್ಕೆ ಏನು ಬರಬೇಕೆಂದು ಕಾಲೇಜುಗಳು ಯೋಚಿಸಿದ್ದು ಕಡಿಮೆ. ಚಿಪ್ಸು ಹೋದ ಕ್ಯಾಂಟೀನಿನಲ್ಲಿ ಅದೇ ಬೆಲೆಗೆ ಬೇಯಿಸಿದ ಕಡಲೆಕಾಯಿ, ಕಡಲೆ ಉಸಲಿ, ಬಾಳೆಹಣ್ಣು ಸಿಗಬೇಕು.

ಊಟದ ಹೊತ್ತಿನ ನಿಯಮಗಳಲ್ಲಿ ಎರಡು ಕೂಡಲೇ ಬದಲಾಗಬೇಕು. ಒಂದು, ಭಾನುವಾರ ರಾತ್ರಿ. ಮಧ್ಯಾಹ್ನ ಪಾಯಸ ಹೋಳಿಗೆಯ ಊಟ ಹಾಕಿ ರಾತ್ರಿ ಮೆಸ್ಸಿಗೆ ರಜೆ ಕೊಡುವ ಪದ್ಧತಿ ಎಷ್ಟೋ ಕಡೆ ಇದೆ. ಅಡುಗೆಯವರಿಗೆ ಬಿಡುವು ಬೇಕೇ ಬೇಕು. ಆದರೆ ಕೈಯಲ್ಲಿ ಕಾಸಿದ್ದವರು ಹೋಟೆಲಿಗೆ ಹೋಗುತ್ತಾರೆ, ಇಲ್ಲದವರು ಹಸಿವಿಲ್ಲ ಎಂದು ಹೇಳಿ ಮಲಗುತ್ತಾರೆ. ಮಧ್ಯಾಹ್ನವೇ ಪುಳಿಯೋಗರೆ ಕಲಸಿಟ್ಟರೆ, ಅವಲಕ್ಕಿ ಮೊಸರು ಇಟ್ಟು ಹೋದರೆ ಯಾರೂ ಹಾಗೆ ಮಲಗಬೇಕಿಲ್ಲ. ಎರಡು, ಲೈಬ್ರರಿ ಒಂಬತ್ತರವರೆಗೆ ತೆರೆದು ಮೆಸ್ಸನ್ನು ಎಂಟೂವರೆಗೆ ಮುಚ್ಚುವುದು. ಓದಲು ಕೂತವರಿಗೆ ಇದು ಶಿಕ್ಷೆ. ಲ್ಯಾಬಿನಿಂದ ತಡವಾಗಿ ಬರುವವರ ತಟ್ಟೆಯನ್ನು ಹೆಸರು ಬರೆದು ಮುಚ್ಚಿಡುವ ಏರ್ಪಾಡು ಇರಲಿ. ರಂಜಾನಿನಲ್ಲಿ ಬೆಳಗಿನ ಜಾವ ಉಣ್ಣುವವರಿಗೂ, ಶನಿವಾರ ಒಪ್ಪತ್ತು ಮಾಡುವವರಿಗೂ ಅದೇ ಏರ್ಪಾಡು ಒದಗುತ್ತದೆ.

ಬಾಕಿ ಕಟ್ಟದವರ ಊಟ ನಿಲ್ಲಿಸುವ ನಿಯಮವನ್ನು ನಾನು ಯಾವತ್ತೂ ಒಪ್ಪಿದವನಲ್ಲ. ಬಾಕಿ ಉಳಿಸಿಕೊಂಡವರ ಹೆಸರುಗಳನ್ನು ಊಟದ ಹಾಲಿನ ಬಾಗಿಲಿಗೆ ಅಂಟಿಸಿದ್ದನ್ನು ನೋಡಿದ್ದೇನೆ. ಆ ಪಟ್ಟಿಯಲ್ಲಿದ್ದ ಮಕ್ಕಳು ಎಲ್ಲರೂ ಉಂಡಾದ ಮೇಲೆ, ಕೊನೆಗೆ, ತಲೆ ತಗ್ಗಿಸಿ ಬರುತ್ತಿದ್ದರು. ಸ್ಕಾಲರ್‌ಶಿಪ್ ಹಣ ತಿಂಗಳು ತಡವಾದರೆ ಅದು ಹುಡುಗನ ತಪ್ಪೇ? ಕಂತು ಮಾಡಿ, ಪಾಲಕರಿಗೆ ಬರೆಯಿರಿ, ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ತುಂಬಿ. ತಟ್ಟೆಯನ್ನು ಮಾತ್ರ ವಸೂಲಿಯ ಸಾಧನ ಮಾಡಬೇಡಿ.

ಯಾರು ಎಲ್ಲಿ ಕೂತು ಉಣ್ಣಬೇಕು ಎಂಬ ಮಾತನ್ನೂ ಆಡಲೇಬೇಕು. ಪಂಕ್ತಿಭೇದ ನಮ್ಮ ನೆಲಕ್ಕೆ ಹೊಸದಲ್ಲ. ಒಂದೊಂದು ಜಾತಿಯೂ ತನ್ನದೇ ಹಾಸ್ಟೆಲು ಕಟ್ಟಿಕೊಂಡದ್ದರ ಹಿಂದೆ ಅದೂ ಇತ್ತು. 2023ರಲ್ಲಿ ಮುಂಬಯಿಯ ಐಐಟಿಯ ಮೆಸ್ಸಿನಲ್ಲಿ ಕೆಲವು ಮೇಜುಗಳನ್ನು ಸಸ್ಯಾಹಾರಿಗಳಿಗಷ್ಟೇ ಎಂದು ಗೊತ್ತುಮಾಡಿದರು. ಅದನ್ನು ವಿರೋಧಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದರು. ಪಾತ್ರೆ ಬೇರೆ ಇರಲಿ, ಸೌಟು ಬೇರೆ ಇರಲಿ, ಬೇಯಿಸುವ ಒಲೆಯೂ ಬೇರೆ ಇರಲಿ, ಅದು ಉಣ್ಣುವವರ ನಂಬಿಕೆಗೆ ಕೊಡುವ ಮರ್ಯಾದೆ. ಕೂರುವ ಬೆಂಚು ಬೇರೆ ಆಗಬಾರದು. ಇಡೀ ದಿನದಲ್ಲಿ ಬೇರೆ ಬೇರೆ ಊರಿನ, ಜಾತಿಯ, ಧರ್ಮದ ಮಕ್ಕಳು ಮುಖಕ್ಕೆ ಮುಖ ಕೊಟ್ಟು ಕೂರುವ ಜಾಗ ಅದೊಂದೇ.

ಇನ್ನು ಬಸ್ಸಿನಲ್ಲಿ ಬರುವವರು. ಕೇಳುಗರೇ, ನನಗೆ ಹೆಚ್ಚು ಕಾಡುವುದು ಇವರೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೆಚ್ಚಿನವರು ಇಂಥವರು. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು. ಅದರಿಂದ ದೂರದ ಹಳ್ಳಿಯ ಹುಡುಗಿಯೂ ಕಾಲೇಜಿಗೆ ಬರುವಂತಾಯಿತು. ಆದರೆ ಅವಳ ಊರಿಗೆ ಇರುವುದೇ ಬೆಳಿಗ್ಗೆ ಏಳರ ಒಂದು ಬಸ್ಸು. ಅವ್ವ ಅಷ್ಟು ಹೊತ್ತಿಗೆ ಕೂಲಿಗೆ ಹೊರಟಿರುತ್ತಾಳೆ, ಒಲೆಯ ಮೇಲೆ ಇನ್ನೂ ಏನೂ ಆಗಿರುವುದಿಲ್ಲ. ಒಂದು ಲೋಟ ಟೀ ಕುಡಿದು ಹೊರಟವಳು ಸಂಜೆ ಐದಕ್ಕೆ ಮನೆ ಸೇರುತ್ತಾಳೆ. ನಡುವೆ ಕಾಲೇಜಿನ ಎದುರಿನ ಅಂಗಡಿಯ ಒಂದು ಬನ್ನು. ಮಧ್ಯಾಹ್ನ ಬೆಲ್ ಹೊಡೆದಾಗ ಗೆಳತಿಯರು ಡಬ್ಬಿ ಬಿಚ್ಚಿದರೆ ಅವಳು ಪುಸ್ತಕ ಹಿಡಿದು ಹೊರಗೆ ಹೋಗುತ್ತಾಳೆ. ಅವಳಿಗೆ ಓದಿನಲ್ಲಿ ಎಷ್ಟು ಆಸಕ್ತಿ ಎಂದು ನಾವು ಮೆಚ್ಚುತ್ತೇವೆ.

ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು ರಾಜ್ಯ ಸರ್ಕಾರ 2013ರ ಹೊತ್ತಿಗೆ ವಿದ್ಯಾಸಿರಿ ಯೋಜನೆ ತಂದಿತು. ಆಗ ಊಟ ವಸತಿಗೆ ಕೊಟ್ಟದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಆಗಿನ ಲೆಕ್ಕದಲ್ಲೇ ಅದು ದಿನಕ್ಕೆ 50 ರೂಪಾಯಿ, ಬಾಡಿಗೆಯೂ ಸೇರಿ. ಒಳ್ಳೆಯ ಯೋಜನೆ, ಎಷ್ಟೋ ಮಕ್ಕಳನ್ನು ಕಾಲೇಜಿನಲ್ಲಿ ಉಳಿಸಿದೆ. ಆದರೆ ಅದು ಊರು ಬಿಟ್ಟು ಬಂದು ರೂಮು ಮಾಡಿದವರಿಗೆ. ದಿನಾ ಮನೆಗೆ ಮರಳುವವಳ ಮಧ್ಯಾಹ್ನಕ್ಕೆ ಅದರಲ್ಲಿ ಜಾಗವಿಲ್ಲ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಸಾಲಿನಲ್ಲಿ ಆಟೋದವರು, ಗಾರೆ ಕೆಲಸದವರ ಜೊತೆ ಹೆಗಲಿಗೆ ಬ್ಯಾಗು ಹಾಕಿದ ವಿದ್ಯಾರ್ಥಿಗಳೂ ನಿಂತರು. ಕರಾವಳಿಯಲ್ಲಿ ದೇವಸ್ಥಾನದ ಪಕ್ಕದ ಕಾಲೇಜಿನ ಮಕ್ಕಳು ಅನ್ನಛತ್ರದಲ್ಲಿ ಉಣ್ಣುತ್ತಾರೆ. ಕೆಲವು ಕಾಲೇಜುಗಳಲ್ಲಿ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಸೇರಿ ಮಧ್ಯಾಹ್ನದ ಊಟದ ನಿಧಿ ಮಾಡಿದ್ದಾರೆ. ಕ್ಯಾಂಟೀನಾಗಲಿ ಅನ್ನಛತ್ರವಾಗಲಿ ಹತ್ತಿರ ಇಲ್ಲದ ತಾಲ್ಲೂಕುಗಳ ಗತಿ ಏನು?

ಲೆಕ್ಕ ಹಾಕಿ ನೋಡೋಣ. ಒಂದು ಊಟಕ್ಕೆ 30 ರೂಪಾಯಿ ಎಂದು ಹಿಡಿಯೋಣ. ಅನ್ನ, ಬೇಳೆ ಸಾರು, ಒಂದು ಪಲ್ಯ, ಮಜ್ಜಿಗೆ. ವರ್ಷಕ್ಕೆ 180 ಬೋಧನೆಯ ದಿನ. ಒಬ್ಬರಿಗೆ 5,400 ರೂಪಾಯಿ. ಒಂದು ಕಾಲೇಜಿನಲ್ಲಿ ಡಬ್ಬಿ ತರಲಾಗದವರು 200 ಮಂದಿ ಇದ್ದರೆ ವರ್ಷಕ್ಕೆ 10,80,000 ರೂಪಾಯಿ. ಒಂದು ಕಾಲೇಜಿನ ಕಾಂಪೌಂಡು, ಕಮಾನು, ಹೊರಗಿನ ಬಣ್ಣಕ್ಕೆ ಆಗುವ ಖರ್ಚನ್ನು ಬಲ್ಲವರಿಗೆ ಈ ಮೊತ್ತ ದೊಡ್ಡದಾಗಿ ಕಾಣಲಾರದು. ಹೊಸ ಅಡುಗೆಮನೆಯೂ ಬೇಡ. ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಸರ್ಕಾರಿ ಹಾಸ್ಟೆಲು ಇದೆ. ಬೆಳಗಿನ ತಿಂಡಿ ಮುಗಿದ ಮೇಲೆ ಅಲ್ಲಿನ ದೊಡ್ಡ ಪಾತ್ರೆಗಳು ಖಾಲಿ ಇರುತ್ತವೆ, ಹಾಸ್ಟೆಲಿನ ಮಕ್ಕಳೂ ಕಾಲೇಜಿಗೇ ಹೋಗಿರುತ್ತಾರೆ. ಅದೇ ಒಲೆಯಲ್ಲಿ ಇನ್ನೊಂದಿಷ್ಟು ಅನ್ನ ಬೇಯಿಸಿ, ಅಡುಗೆಗೆ ಇನ್ನೊಬ್ಬ ಅಕ್ಕನನ್ನು ಪೂರ್ತಿ ಸಂಬಳಕ್ಕೆ ಸೇರಿಸಿಕೊಂಡು, ಕಾಲೇಜಿಗೆ ಊಟ ಕಳಿಸಬಹುದು. ಹಾಸ್ಟೆಲು ಒಂದು ಇಲಾಖೆಗೆ, ಕಾಲೇಜು ಇನ್ನೊಂದು ಇಲಾಖೆಗೆ ಸೇರಿರುವುದರಿಂದ ಸದ್ಯಕ್ಕೆ ಇದು ಆಗುತ್ತಿಲ್ಲ. ಎರಡು ಇಲಾಖೆಗಳು ಕೂತು ಒಂದು ಆದೇಶ ಹೊರಡಿಸಿದರೆ ಆಗುತ್ತದೆ.

ಈ ಊಟ ಬಡವರಿಗೆಂದು ಚೀಟಿ ಕೊಟ್ಟು ಪ್ರತ್ಯೇಕ ಸಾಲು ಮಾಡಬಾರದು. ಯಾರು ಬೇಕಾದರೂ ಕೂತು ಉಣ್ಣುವಂತಿರಲಿ. ಕೊಡಬಲ್ಲವರು ತಿಂಗಳ ದುಡ್ಡನ್ನು ಆಫೀಸಿನಲ್ಲಿ ಕಟ್ಟಲಿ, ಕೊಡಲಾರದವರ ಲೆಕ್ಕ ಆಫೀಸಿನ ಪುಸ್ತಕದಲ್ಲೇ ಉಳಿಯಲಿ. ಬಡಿಸುವ ಜಾಗದಲ್ಲಿ ಎಲ್ಲರ ಕಾರ್ಡೂ ಒಂದೇ ಬಣ್ಣದ್ದಾಗಿರಲಿ. ಮೇಷ್ಟರೂ ಅಲ್ಲೇ ಉಣ್ಣಲಿ.

ಸರ್ಕಾರದ ಆದೇಶ ಬರುವವರೆಗೆ ಪ್ರಾಂಶುಪಾಲರು ಮುಂದಿನ ಪ್ರವೇಶದ ಹೊತ್ತಿಗೇ ಮಾಡಬಹುದಾದದ್ದು ಒಂದಿದೆ. ಕಾಲೇಜಿಗೆ ಸೇರುವಾಗ ತುಂಬಿಸಿಕೊಳ್ಳುವ ಅರ್ಜಿಯಲ್ಲಿ ತಂದೆಯ ಉದ್ಯೋಗ, ವಾರ್ಷಿಕ ಆದಾಯ, ಜಾತಿ, ರಕ್ತದ ಗುಂಪು ಎಲ್ಲ ಕೇಳುತ್ತೇವೆ. ಅದರ ಜೊತೆಗೆ ಮೂರು ಸಾಲು ಸೇರಿಸಿ. ಮನೆಯಿಂದ ಎಷ್ಟು ಗಂಟೆಗೆ ಹೊರಡುತ್ತೀರಿ? ಹೊರಡುವ ಮುಂಚೆ ಏನು ತಿನ್ನುತ್ತೀರಿ? ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ? ಆ ಉತ್ತರಗಳನ್ನು ಕ್ಲಾಸ್ ಮೇಷ್ಟರು ಒಬ್ಬೊಬ್ಬರದಾಗಿ ಓದಲಿ, ಒಟ್ಟು ಸಂಖ್ಯೆಯನ್ನು ಕಾಲೇಜು ಅಭಿವೃದ್ಧಿ ಸಮಿತಿಯ ಮೊದಲ ಸಭೆಯಲ್ಲಿ ಶಾಸಕರ ಮುಂದೆ ಇಡಲಿ. ಎಷ್ಟು ತಟ್ಟೆ ಬೇಕೆಂಬುದು ಅಲ್ಲಿಂದ ಗೊತ್ತಾಗುತ್ತದೆ.